ನಿರ್ಮಾಪಕಿಯ ಕುರ್ಚಿಯ ವಿಚಾರವಾಗಿ ತಮ್ಮನ ಮಗಳಿಗೆ ಒಂದು ಪತ್ರ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಸ್ಥಳೀಯ ವಾಹಿನಿಯ ಬೆಳಗಿನ ನೇರಪ್ರಸಾರದಲ್ಲಿ ನಿರೂಪಕಿಯಾಗಿಯೂ ನಿರ್ಮಾಪಕಿಯಾಗಿಯೂ ದುಡಿಯುತ್ತಿರುವ ನಿನಗೆ, ನಿರ್ಮಾಣದ ಹೊರೆಯನ್ನು ಇಳಿಸಿ ನಿರೂಪಣೆಗಷ್ಟೇ ಹೆಚ್ಚಿನ ಸಂಬಳ ಕೊಡುವುದಾಗಿ ಆಡಳಿತದವರು ಹೇಳಿದ್ದಾರೆಂದೂ, ಮನೆಯವರೆಲ್ಲ ಒಪ್ಪಿಕೋ ಎನ್ನುತ್ತಿದ್ದಾರೆಂದೂ ಬರೆದಿರುವೆ. ಕಂಟ್ರೋಲ್ ರೂಮಿನಲ್ಲಿಯೇ ತಲೆ ನರೆಸಿಕೊಂಡವನು ನಾನು. ನನ್ನದು ಪಕ್ಷಪಾತದ ಮಾತೆಂದು ನಿನಗೆ ಅನ್ನಿಸಿದರೂ ಅಡ್ಡಿಯಿಲ್ಲ. ಸಂಬಳ ಹೆಚ್ಚಲಿ, ಕೆಲಸ ಒಂದಿಷ್ಟು ಹಗುರವಾಗಲಿ, ಆದರೆ ನಿರ್ಮಾಪಕಿಯ ಸ್ಥಾನವನ್ನು ಪೂರ್ತಿಯಾಗಿ ಬಿಟ್ಟುಕೊಡಬೇಡ.

ಬೆಳಗಿನ ಕಾರ್ಯಕ್ರಮ ಓಡುವುದು ಮುಖದ ಬಲದಿಂದ ಎಂಬ ನಂಬಿಕೆ ಬಹಳ ಹಳೆಯದು. ಆ ನಂಬಿಕೆಗೆ ತಕ್ಕ ಪರೀಕ್ಷೆ ನಡೆದದ್ದು ಬ್ರಿಟನ್ನಿನಲ್ಲಿ. 1983ರ ಫೆಬ್ರವರಿ 1ರಂದು ಟಿವಿ-ಎಎಂ ಎಂಬ ಸಂಸ್ಥೆ ಬೆಳಗಿನ ಪ್ರಸಾರ ಆರಂಭಿಸಿದಾಗ ಡೇವಿಡ್ ಫ್ರಾಸ್ಟ್, ಮೈಕೆಲ್ ಪಾರ್ಕಿನ್ಸನ್, ಆನಾ ಫೋರ್ಡ್, ಆಂಜೆಲಾ ರಿಪ್ಪನ್, ರಾಬರ್ಟ್ ಕೀ ಎಂಬ ಐವರು ಅದರ ಬೆನ್ನಿಗಿದ್ದರು. ಐವರೂ ಅಲ್ಲಿನ ಮನೆಮನೆಗೆ ಪರಿಚಿತರಾದ ಟಿವಿ ನಿರೂಪಕರು. ಎರಡು ವಾರ ಮೊದಲೇ, ಜನವರಿ 17ರಂದು, ಬಿಬಿಸಿ ತನ್ನ ಬೆಳಗಿನ ಕಾರ್ಯಕ್ರಮವನ್ನು ಶುರುಮಾಡಿತ್ತು. ಅಲ್ಲಿ ಸೋಫಾದ ಮೇಲೆ ಕುಳಿತು ಸಲೀಸಾಗಿ ಮಾತನಾಡುವ ರೀತಿ ಎದ್ದವರ ಮನಸ್ಸಿಗೆ ಒಪ್ಪಿತು. ಟಿವಿ-ಎಎಂನ ಧಾಟಿಯಾದರೋ ಆ ಹೊತ್ತಿಗೆ ಗಂಭೀರವಾಯಿತು, ವೀಕ್ಷಕರು ಉಳಿಯಲಿಲ್ಲ. ಕೆಲವೇ ವಾರಗಳಲ್ಲಿ ಅಧ್ಯಕ್ಷರು ಸ್ಥಾನ ಬಿಟ್ಟರು, ಏಪ್ರಿಲಿನಲ್ಲಿ ಫೋರ್ಡ್ ಮತ್ತು ರಿಪ್ಪನ್ ಇಬ್ಬರೂ ಹೊರಗಾದರು. ಆಮೇಲೆ ಗ್ರೆಗ್ ಡೈಕ್ ಕಾರ್ಯಕ್ರಮದ ಹೊಣೆ ಹೊತ್ತು ಅದನ್ನು ಹಗುರಗೊಳಿಸಿದರು. ರೋಲೆಂಡ್ ರ‍್ಯಾಟ್ ಎಂಬ ಇಲಿಯ ಗೊಂಬೆಯೊಂದು ಮಕ್ಕಳನ್ನೂ, ಮಕ್ಕಳ ಹಿಂದೆ ದೊಡ್ಡವರನ್ನೂ ಎಳೆದು ತಂದಿತು. ಮುಳುಗುತ್ತಿದ್ದ ಹಡಗನ್ನು ಇಲಿಯೇ ಕಾಪಾಡಿತೆಂದು ಜನ ಈಗಲೂ ತಮಾಷೆ ಮಾಡುತ್ತಾರೆ. ಇಲಿಯನ್ನು ಯಾವ ಹೊತ್ತಿಗೆ, ಎಷ್ಟು ನಿಮಿಷ ಬಿಡಬೇಕೆಂದು ಲೆಕ್ಕ ಹಾಕಿದವರನ್ನು ಮಾತ್ರ ಯಾರೂ ನೆನೆಯುವುದಿಲ್ಲ. ನಮ್ಮ ಕಸುಬೇ ಹಾಗೆ.

ಇದರಿಂದ ನಿರೂಪಕರಿಗೆ ಬೆಲೆಯಿಲ್ಲವೆಂದು ತಿಳಿಯಬೇಡ. ಅಮೆರಿಕದ ನಿರೂಪಕಿ ಓಪ್ರಾ ವಿನ್‌ಫ್ರಿ 1984ರ ಜನವರಿಯಲ್ಲಿ ಷಿಕಾಗೋದ ಸ್ಥಳೀಯ ವಾಹಿನಿಯೊಂದರ ಬೆಳಗಿನ ಕಾರ್ಯಕ್ರಮಕ್ಕೆ ಬಂದಾಗ ಅದು ರೇಟಿಂಗಿನಲ್ಲಿ ಕೊನೆಯಲ್ಲಿತ್ತು, ಕೆಲವೇ ತಿಂಗಳಲ್ಲಿ ಮೊದಲಿಗೆ ಬಂತು. ಅದು ಆಕೆಯ ಮಾತಿನ ಶಕ್ತಿಯೇ ಸರಿ. ಆದರೆ ನನ್ನ ಗಮನ ಹೋಗುವುದು ಮುಂದಿನದರ ಕಡೆಗೆ. 1986ರಲ್ಲಿ ಕಾರ್ಯಕ್ರಮ ದೇಶದಾದ್ಯಂತ ಪ್ರಸಾರವಾಗತೊಡಗಿತು, ಆಕೆ ಸ್ವಂತ ನಿರ್ಮಾಣ ಸಂಸ್ಥೆಯನ್ನೂ ಕಟ್ಟಿದಳು, 1988ರ ಹೊತ್ತಿಗೆ ಆ ಕಾರ್ಯಕ್ರಮದ ನಿರ್ಮಾಣವೇ ಅವಳ ಸಂಸ್ಥೆಯ ಕೈಗೆ ಬಂತು. 2011ರವರೆಗೆ ಅದನ್ನು ತನ್ನ ಇಷ್ಟದಂತೆ ನಡೆಸಿ, ತಾನೇ ಆರಿಸಿಕೊಂಡ ಹೊತ್ತಿನಲ್ಲಿ ನಿಲ್ಲಿಸಿದಳು. ಬರೀ ನಿರೂಪಕಿಯಾಗಿ ಉಳಿದಿದ್ದರೆ ನಿಲ್ಲಿಸುವ ದಿನವನ್ನು ಗೊತ್ತುಮಾಡುವವರು ಬೇರೆ ಯಾರೋ ಆಗಿರುತ್ತಿದ್ದರು. ನ್ಯೂಯಾರ್ಕಿನಲ್ಲಿ ನಿರೂಪಕ ರೆಜಿಸ್ ಫಿಲ್ಬಿನ್ 1983ರಲ್ಲಿ ಹಿಡಿದ ಸ್ಥಳೀಯ ಬೆಳಗಿನ ಕಾರ್ಯಕ್ರಮವನ್ನು ನೋಡು: 1988ರಲ್ಲಿ ಅದೂ ದೇಶಕ್ಕೆಲ್ಲ ಹಬ್ಬಿತು, ಆಮೇಲೆ ಕುರ್ಚಿಯಲ್ಲಿ ಕುಳಿತವರು ಒಬ್ಬರಾದ ಮೇಲೊಬ್ಬರು ಬದಲಾದರು, ನಿರ್ಮಾಪಕ ಮೈಕೆಲ್ ಗೆಲ್ಮನ್ ದಶಕಗಳ ಕಾಲ ಅಲ್ಲಿಯೇ ಉಳಿದರು.

ಇನ್ನು ದಿನನಿತ್ಯದ ಕೆಲಸದ ಮಾತು. ನಿರ್ಮಾಣ ಬಿಟ್ಟರೆ ನಿರೂಪಣೆ ಸಲೀಸಾಗುತ್ತದೆಂದು ನಿನಗೆ ಹೇಳಿದವರು ಕ್ಯಾಮೆರಾದ ಮುಂದೆ ನಿಂತವರಲ್ಲ. ಏಳೂವರೆಗೆ ಹವಾಮಾನ ಹೋಗಲೇಬೇಕು, ಅದಕ್ಕೆ ಮೊದಲು ಬ್ರೇಕ್ ಇದೆ, ಏಳು ಇಪ್ಪತ್ತಕ್ಕೆ ಬರಬೇಕಾದ ಅತಿಥಿ ಇನ್ನೂ ಮೇಕಪ್ ಕೋಣೆಯಲ್ಲಿದ್ದಾರೆ ಎಂದಿಟ್ಟುಕೋ. ಇಯರ್‌ಪೀಸಿನಲ್ಲಿ ‘ಎಳೆಯಿರಿ’ ಎಂದಷ್ಟೇ, ಎಂದರೆ ಮಾತನ್ನು ಇನ್ನಷ್ಟು ಹೊತ್ತು ಮುಂದುವರಿಸಿ ಎಂದಷ್ಟೇ, ಕೇಳುತ್ತದೆ. ರನ್‌ಡೌನನ್ನು, ಎಂದರೆ ಯಾವ ಭಾಗ ಯಾವ ಹೊತ್ತಿಗೆ ಬರಬೇಕೆಂಬ ಪಟ್ಟಿಯನ್ನು, ತಾನೇ ಕಟ್ಟಿದವಳಿಗೆ ಕೆಳಗಿನ ಯಾವ ಐಟಮ್ಮನ್ನು ಮೇಲೆತ್ತಬಹುದು, ಯಾವ ವಿಷುವಲ್ ಸಿದ್ಧವಾಗಿದೆ, ಏಳೂವರೆಯಿಂದ ಹಿಂದಕ್ಕೆ ಎಣಿಸಿದರೆ ಸಂದರ್ಶನಕ್ಕೆ ಎಷ್ಟು ನಿಮಿಷ ಉಳಿಯುತ್ತದೆ ಎಂಬುದು ಆ ಕ್ಷಣಕ್ಕೆ ಹೊಳೆಯುತ್ತದೆ. ಟೆಲಿಪ್ರಾಂಪ್ಟರಿನ ಪರದೆಯಲ್ಲಿ ಮೂಡುವ ಸಾಲುಗಳನ್ನಷ್ಟೇ ಓದುವವಳು ನಗುತ್ತ ಹವಾಮಾನವನ್ನೇ ಎರಡು ಸಲ ಹೇಳುತ್ತಾಳೆ. ಅತಿಥಿಗೆ ಹಿಂದಿನ ಸಂಜೆಯೇ ಫೋನ್ ಮಾಡಿ ಮಾತನಾಡಿಸುವ ಕೆಲಸವನ್ನಂತೂ ಯಾರಿಗೂ ವಹಿಸಬೇಡ. ಆ ಹತ್ತು ನಿಮಿಷದಲ್ಲಿ ಅವರಿಗೆ ಯಾವ ವಿಷಯ ಬಂದಾಗ ದನಿ ಏರುತ್ತದೆಂದು ತಿಳಿದುಕೊಂಡರೆ ಬೆಳಿಗ್ಗೆ ಮೊದಲ ಪ್ರಶ್ನೆಯನ್ನು ಅಲ್ಲಿಂದಲೇ ಎತ್ತಬಹುದು. ಬೆಳಗಿನ ವೀಕ್ಷಕರು ಟಿವಿಯನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕೈ ಕೆಲಸದಲ್ಲಿ. ಆದ್ದರಿಂದ ಎದುರು ಕುಳಿತವರು ಯಾರೆಂಬುದನ್ನು ಮಾತಿನ ನಡುವೆ ಮತ್ತೆ ಮತ್ತೆ ಹೇಳುವುದನ್ನು ಸಂಕೋಚವಿಲ್ಲದೆ ರೂಢಿಸಿಕೋ.

ಪ್ರಾಯೋಜಿತ ಭಾಗಗಳ ಬಗ್ಗೆ ನೀನು ಕೇಳದಿದ್ದರೂ ಬರೆಯುತ್ತೇನೆ. ಸ್ಥಳೀಯ ವಾಹಿನಿಗೆ ಅವುಗಳ ಹಣ ಬೇಕು, ನಿರಾಕರಿಸುವ ಹಾಗಿಲ್ಲ. ಆದರೆ ಹಣ ಕೊಟ್ಟು ಬಂದ ವೈದ್ಯರನ್ನೋ ವ್ಯಾಪಾರಿಯನ್ನೋ ಉಳಿದ ಅತಿಥಿಗಳಂತೆಯೇ ಪರಿಚಯಿಸಿ, ಅದು ಜಾಹೀರಾತೆಂಬುದನ್ನು ಪರದೆಯ ಮೇಲೆ ತೋರಿಸದೆ ಹೋದರೆ ವೀಕ್ಷಕರು ದೂರುವುದು ಮಾರ್ಕೆಟಿಂಗ್ ವಿಭಾಗವನ್ನಲ್ಲ, ನಿನ್ನನ್ನು. ನಿರ್ಮಾಪಕಿಯಾಗಿದ್ದರೆ ‘ಪ್ರಾಯೋಜಿತ’ ಎಂಬ ಪಟ್ಟಿ ಹಾಕಿಸುವ ಅಧಿಕಾರ ನಿನಗಿರುತ್ತದೆ. ನಿರೂಪಕಿಯಾಗಿ ಮಾತ್ರ ಉಳಿದರೆ ಬರೆದುಕೊಟ್ಟದ್ದನ್ನು ಓದುವ ಹೊಣೆಯಷ್ಟೇ ಉಳಿಯುತ್ತದೆ.

ನಿನ್ನ ದಣಿವು ಸುಳ್ಳಲ್ಲ ಎಂಬುದನ್ನು ಬಲ್ಲೆ. ಮೂರು ಗಂಟೆಗೆ ಏಳುವವರ ದೇಹ ಅದಕ್ಕೆ ಪೂರ್ತಿ ಒಗ್ಗುವುದೇ ಇಲ್ಲ, ರಜೆಯ ದಿನ ತಡವಾಗಿ ಮಲಗಿದರಂತೂ ಮತ್ತೆ ಮೊದಲಿನಿಂದ ಕಷ್ಟ. ಹೊರೆ ಇಳಿಸಲೇಬೇಕೆಂದಿದ್ದರೆ ಕ್ಯಾಮೆರಾ ತಂಡ, ವಾಹನ, ಬಿಲ್ಲುಗಳ ಹೊಂದಾಣಿಕೆಗೆ ಒಬ್ಬ ಸಹಾಯಕ ನಿರ್ಮಾಪಕರನ್ನು ಕೇಳು. ಅತಿಥಿಗಳ ಆಯ್ಕೆ, ರನ್‌ಡೌನ್‌ನ ಕ್ರಮ, ಪ್ರಾಯೋಜಿತ ಭಾಗಗಳ ಒಪ್ಪಿಗೆ, ಈ ಮೂರು ನಿನ್ನ ಕೈಯಲ್ಲಿಯೇ ಇರಲಿ. ಅಷ್ಟು ಸಿಕ್ಕರೆ ಅವರು ಹೇಳಿದ ಸಂಬಳದಲ್ಲಿ ಸ್ವಲ್ಪ ಕಡಿಮೆಯಾದರೂ ನಾನು ಒಪ್ಪಿಕೋ ಎನ್ನುತ್ತೇನೆ, ನಿನ್ನ ತಂದೆ ಏನೆನ್ನುತ್ತಾನೋ ತಿಳಿಯದು.

ಹೊಸ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದರ ಕರಡನ್ನು ನನಗೊಮ್ಮೆ ಕಳುಹಿಸು. ಕಾರ್ಯಕ್ರಮದ ಕೊನೆಯ ಪಟ್ಟಿಯಲ್ಲಿ ನಿರ್ಮಾಪಕಿ ಎಂದು ನಿನ್ನ ಹೆಸರು ಬರುತ್ತದೆಯೇ, ವಾಹಿನಿ ಬಿಟ್ಟ ಮೇಲೆ ಎಷ್ಟು ಕಾಲ ಬೇರೆಡೆ ಕಾಣಿಸಿಕೊಳ್ಳಬಾರದೆಂಬ ಷರತ್ತಿದೆ, ನೀನು ಮಾಡಿದ ಸಂದರ್ಶನಗಳ ಪ್ರತಿಯನ್ನು ಮುಂದಿನ ಕೆಲಸಕ್ಕೆ ತೋರಿಸಲು ಇಟ್ಟುಕೊಳ್ಳಬಹುದೇ ಎಂಬುದನ್ನು ನೋಡಿ, ಗುರುತು ಹಾಕಿ ವಾಪಸು ಕಳುಹಿಸುತ್ತೇನೆ. ಅಲ್ಲಿಯವರೆಗೆ ಬಾಯಿಮಾತಿನಲ್ಲಿಯೂ ಹೂಂ ಎನ್ನಬೇಡ.

ಇಂತಿ,
ನಿನ್ನ ದೊಡ್ಡಪ್ಪ