ಸೂರ್ಯನ ಕಲೆ ಎಣಿಸುವ ಕೆಲಸ: 8, 9, 10ನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರ.

ದಸರಾ ರಜೆ ಮುಗಿದು ಶಾಲೆ ತೆರೆದ ಮೊದಲ ಸೋಮವಾರದಿಂದ ನಿಮ್ಮ ಮಕ್ಕಳು ಸರದಿಯ ಮೇಲೆ, ಬೆಳಿಗ್ಗೆ 9ರಿಂದ 9.20ರವರೆಗೆ, ಸೂರ್ಯನ ಮೈಮೇಲಿನ ಕಲೆಗಳನ್ನು ಎಣಿಸಿ ದಾಖಲೆ ಪುಸ್ತಕದಲ್ಲಿ ಬರೆಯಲಿದ್ದಾರೆ. ದಿನಕ್ಕೆ ನಾಲ್ಕೇ ಮಕ್ಕಳು, ಜೊತೆಗೆ ವಿಜ್ಞಾನ ಶಿಕ್ಷಕರು. ಯಾರೂ ಸೂರ್ಯನ ಕಡೆ ತಲೆ ಎತ್ತುವುದಿಲ್ಲ. ಟೆಲಿಸ್ಕೋಪ್ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸುತ್ತದೆ, ಮಕ್ಕಳು ಸೂರ್ಯನಿಗೆ ಬೆನ್ನು ಹಾಕಿ ನಿಂತು ಹಾಳೆಯನ್ನು ನೋಡುತ್ತಾರೆ. ಈ ವಿಷಯ ಮನೆಯಲ್ಲೂ ಸ್ಪಷ್ಟವಾಗಿರಲಿ ಎಂದೇ ಪತ್ರ ಇಷ್ಟು ಉದ್ದವಾಗಿದೆ.

ಈಗಲೇ ಯಾಕೆ? ಸೂರ್ಯನ ಚಟುವಟಿಕೆ, ಅದರ ಜೊತೆಗೇ ಕಲೆಗಳ ಸಂಖ್ಯೆ, ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಈಗ ನಡೆಯುತ್ತಿರುವ 25ನೇ ಆವರ್ತ 2019ರ ಡಿಸೆಂಬರ್‌ನಲ್ಲಿ ಶುರುವಾಗಿ 2024ರ ಅಕ್ಟೋಬರ್ ಹೊತ್ತಿಗೆ ತುದಿ ಮುಟ್ಟಿತು. ತುದಿ ದಾಟಿದ ಮೇಲೆ ನೋಡುವುದಕ್ಕೆ ಏನಿದೆ ಎನ್ನುವಂತಿಲ್ಲ. 23ನೇ ಆವರ್ತ ತುದಿ ಕಂಡಿದ್ದು 2000–01ರಲ್ಲಿ, ಅದರ ಅತಿ ದೊಡ್ಡ ಕಾಂತೀಯ ಬಿರುಗಾಳಿಗಳು (ಸೂರ್ಯ ಉಗುಳಿದ್ದು ಬಡಿದು ಭೂಮಿಯ ಕಾಂತಕ್ಷೇತ್ರ ಅಲುಗುವುದು) ಬಂದದ್ದು 2003ರ ಅಕ್ಟೋಬರ್–ನವೆಂಬರ್‌ನಲ್ಲಿ. ಅದಾದ ಮೇಲೆ ಜಿ5, ಅಂದರೆ ಅಳತೆಯ ಕೊನೆಯ ಮೆಟ್ಟಿಲು ಮುಟ್ಟಿದ ಕಾಂತೀಯ ಬಿರುಗಾಳಿ ಬಂದದ್ದು 2024ರ ಮೇ 10ರಂದು. 13664 ಎಂಬ ಸಂಖ್ಯೆಯ ಕಲೆಗುಂಪು ಅದಕ್ಕೆ ಕಾರಣ. ಆ ಗುಂಪಿನ ಉದ್ದದಲ್ಲಿ ಸುಮಾರು 15 ಭೂಮಿಗಳನ್ನು ಸಾಲಾಗಿ ಇಡಬಹುದಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖ್‌ನ ಹಾನ್ಲೆಯಲ್ಲಿ ನಡೆಸುವ ವೀಕ್ಷಣಾಲಯದ ಕ್ಯಾಮೆರಾದಲ್ಲಿ ಆ ರಾತ್ರಿ ಆಕಾಶ ಕೆಂಪಾಗಿದ್ದು ದಾಖಲಾಗಿದೆ.

ಇನ್ನು ಸಲಕರಣೆ. ಟೆಲಿಸ್ಕೋಪ್ 60 ಮಿ.ಮೀ. ಮಸೂರದ್ದು, ನಾಭಿದೂರ 700 ಮಿ.ಮೀ. ಐಪೀಸ್ (ಕಣ್ಣಿಡುವ ತುದಿಯ ಪುಟ್ಟ ಮಸೂರಗಳ ಜೋಡಣೆ) 20 ಮಿ.ಮೀ.ನ ಹಳೇ ಕಾಲದ ಹೈಗೆನ್ಸ್ ಮಾದರಿ. ಅಗ್ಗದ್ದು ಎಂದು ಮೂಗು ಮುರಿಯಬೇಡಿ, ಈ ಕೆಲಸಕ್ಕೆ ಇದೇ ಸರಿ. ದುಬಾರಿ ಐಪೀಸ್‌ಗಳಲ್ಲಿ ಮಸೂರಗಳನ್ನು ಅಂಟಿನಿಂದ ಜೋಡಿಸಿರುತ್ತಾರೆ, ಬಿಸಿಲಿನ ಕಾವಿಗೆ ಆ ಅಂಟು ಕರಗಿ ಗುಳ್ಳೆ ಏಳುತ್ತದೆ. ಹೈಗೆನ್ಸ್‌ನಲ್ಲಿ ಅಂಟೇ ಇಲ್ಲ. ಐಪೀಸ್‌ನಿಂದ 48 ಸೆಂ.ಮೀ. ದೂರದಲ್ಲಿ ಹಲಗೆ ಇಟ್ಟರೆ ಬಿಂಬ ಸರಿಯಾಗಿ 15 ಸೆಂ.ಮೀ. ಅಗಲಕ್ಕೆ ಬರುತ್ತದೆ, ಹಾಳೆಯ ಮೇಲೆ ಅಷ್ಟೇ ಅಗಲದ ವೃತ್ತವನ್ನು ಮೊದಲೇ ಎಳೆದಿರುತ್ತೇವೆ. ಜನವರಿ ಹೊತ್ತಿಗೆ ಭೂಮಿ ಸೂರ್ಯನಿಗೆ ಕೊಂಚ ಹತ್ತಿರವಾಗಿ ಬಿಂಬ ವೃತ್ತ ಮೀರುತ್ತದೆ. ಆಗ ಹಲಗೆಯನ್ನು ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ಒಳಗೆ ತಳ್ಳಿದರೆ ಸರಿಹೋಗುತ್ತದೆ. ಕೊಳವೆಯ ಸುತ್ತ 30 ಸೆಂ.ಮೀ. ಚೌಕದ ರಟ್ಟಿನ ಕೊರಳಪಟ್ಟಿ ಇರುತ್ತದೆ. ಅದರ ನೆರಳು ಹಾಳೆಯ ಮೇಲೆ ಬೀಳದಿದ್ದರೆ ಬಿಂಬ ಪೇಲವವಾಗಿ ಸಣ್ಣ ಕಲೆಗಳು ಕಾಣುವುದೇ ಇಲ್ಲ.

ಟೆಲಿಸ್ಕೋಪನ್ನು ಸೂರ್ಯನ ಕಡೆ ತಿರುಗಿಸುವಾಗಲೇ ಹೆಚ್ಚಿನ ಅನಾಹುತ ಆಗುವುದು, ಯಾಕೆಂದರೆ ಗುರಿ ಹಿಡಿಯಲು ಕಣ್ಣು ತಾನಾಗಿ ಕೊಳವೆಯ ಹತ್ತಿರ ಹೋಗುತ್ತದೆ. ಮಕ್ಕಳಿಗೆ ಕಲಿಸುವುದು ಬೇರೆ ದಾರಿ: ನೆಲದ ಮೇಲೆ ಕೊಳವೆಯ ನೆರಳು ನೋಡಿ. ಉದ್ದವಾಗಿದ್ದ ನೆರಳು ಕುಗ್ಗಿ ಕುಗ್ಗಿ ಚಿಕ್ಕ ದುಂಡು ಆದಾಗ ಗುರಿ ಸರಿಯಾಯಿತು ಎಂದರ್ಥ. ಪಕ್ಕದ ಪುಟ್ಟ ಫೈಂಡರ್ ದೂರದರ್ಶಕವನ್ನು ಮುಚ್ಚಳ ಹಾಕಿ ಬಿಡದೆ, ಸ್ಕ್ರೂ ಬಿಚ್ಚಿ ಬೀರುವಿನಲ್ಲಿ ಇಡುತ್ತೇವೆ. ಇಂಥ ಟೆಲಿಸ್ಕೋಪ್‌ಗಳ ಜೊತೆ ಐಪೀಸ್‌ಗೆ ತಿರುಗಿಸಿ ಹಾಕುವ ಕಪ್ಪು ಗಾಜಿನ ‘ಸನ್ ಫಿಲ್ಟರ್’ ಬರುತ್ತದಲ್ಲ, ನಿಮ್ಮ ಮನೆಯಲ್ಲಿ ಅದಿದ್ದರೆ ಇವತ್ತೇ ಒಡೆದು ಬಿಸಾಡಿ. ಮಸೂರ ಒಟ್ಟುಗೂಡಿಸಿದ ಬಿಸಿಯೆಲ್ಲ ಆ ಗಾಜಿನ ಮೇಲೇ ಬಿದ್ದು, ನೋಡುತ್ತಿರುವಾಗಲೇ ಅದು ಸೀಳಬಹುದು.

ಎಣಿಕೆಯ ಕ್ರಮ ಇದು. ಗುಂಪು ಒಂದಕ್ಕೆ ಹತ್ತು, ಬಿಡಿ ಕಲೆ ಒಂದಕ್ಕೆ ಒಂದು. 4 ಗುಂಪುಗಳಲ್ಲಿ ಒಟ್ಟು 17 ಕಲೆ ಇದ್ದರೆ ಆ ದಿನದ ಸಂಖ್ಯೆ 57. ಒಂಟಿ ಕಲೆಯೊಂದೇ ಇದ್ದರೆ ಅದೂ ಒಂದು ಗುಂಪೇ, ಸಂಖ್ಯೆ 11. ಮಕ್ಕಳು ಮೊದಮೊದಲು ಎಡವುವುದು ಕೊಳೆಯ ವಿಷಯದಲ್ಲಿ: ಐಪೀಸ್ ಮೇಲಿನ ದೂಳಿನ ಕಣ ಹಾಳೆಯ ಮೇಲೆ ಅಚ್ಚುಕಟ್ಟಾದ ಕಪ್ಪು ಚುಕ್ಕೆಯಾಗಿ ಬೀಳುತ್ತದೆ. ಐಪೀಸನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿದರೆ ಗುಟ್ಟು ರಟ್ಟು. ಚುಕ್ಕೆ ಜೊತೆಗೇ ತಿರುಗಿದರೆ ಅದು ದೂಳು, ನಿಂತಲ್ಲೇ ನಿಂತರೆ ಸೂರ್ಯನದು. ನಿಜವಾದ ಕಲೆ ಸ್ವಲ್ಪ ದೊಡ್ಡದಿದ್ದರೆ ನಡುವೆ ಕಪ್ಪು ತಿರುಳು, ಸುತ್ತ ಬೂದು ಅಂಚು ಕಾಣುತ್ತದೆ. ಅದು ಕಪ್ಪೂ ಅಲ್ಲ, ಸುತ್ತಲಿನ 5500 ಡಿಗ್ರಿಯ ಮುಂದೆ ಸುಮಾರು 3500 ಡಿಗ್ರಿಯ ಜಾಗ ಹಾಗೆ ಕಾಣುತ್ತದೆ ಅಷ್ಟೆ. ಗಟ್ಟಿಯಾದ ಕಾಂತಕ್ಷೇತ್ರ ಒಳಗಿನ ಬಿಸಿ ಮೇಲೆ ಬರದಂತೆ ಅಲ್ಲಿ ತಡೆದಿರುತ್ತದೆ.

ಟೆಲಿಸ್ಕೋಪನ್ನು ಅಲುಗಾಡಿಸದೆ ಬಿಟ್ಟರೆ ಬಿಂಬ ಸುಮಾರು 2 ನಿಮಿಷದಲ್ಲಿ ವೃತ್ತದಿಂದ ಪೂರಾ ಜಾರಿಹೋಗುತ್ತದೆ. ಜಾರುವ ದಿಕ್ಕೇ ಪಶ್ಚಿಮ, ಅದನ್ನು ಹಾಳೆಯ ಮೇಲೆ ಬಾಣ ಹಾಕಿ ಗುರುತಿಸಬೇಕು. ಬಾಣ ಮರೆತ ಹಾಳೆ ಎಣಿಕೆಗೆ ಸಾಕು, ಮುಂದಿನ ಕೆಲಸಕ್ಕೆ ಬಾರದು. ಸೂರ್ಯ ತಿರುಗುವುದರಿಂದ ಬಿಂಬದ ನಡುಭಾಗದಲ್ಲಿರುವ ಕಲೆ ಮರುದಿನಕ್ಕೆ ಸುಮಾರು 1.7 ಸೆಂ.ಮೀ. ಸರಿದಿರುತ್ತದೆ, ಅಂಚಿನ ಹತ್ತಿರ ಇನ್ನೂ ಕಡಿಮೆ. ಹೆಚ್ಚುಕಮ್ಮಿ ಎರಡು ವಾರದಲ್ಲಿ ಈ ಅಂಚಿನಿಂದ ಆ ಅಂಚಿಗೆ. ಹೀಗಾಗಿ ಶನಿವಾರ ನೋಡಿದ ಗುಂಪನ್ನೇ ಸೋಮವಾರ ಗುರುತು ಹಿಡಿಯಬಹುದು, ಭಾನುವಾರದ ರಜೆಯಿಂದ ನಷ್ಟವೇನಿಲ್ಲ. ತಿಂಗಳ ಕೊನೆಗೆ ನಮ್ಮ ಸಂಖ್ಯೆಗಳನ್ನು ಬ್ರಸೆಲ್ಸ್‌ನ ರಾಯಲ್ ವೀಕ್ಷಣಾಲಯ ಪ್ರಕಟಿಸುವ ಅಂತರರಾಷ್ಟ್ರೀಯ ಸಂಖ್ಯೆಯ ಪಕ್ಕ ಇಟ್ಟು ನೋಡುತ್ತೇವೆ. ಎರಡೂ ಒಂದೇ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಎರಡರ ಅನುಪಾತ ಸ್ಥಿರವಾಗಿದ್ದರೆ ನಮ್ಮ ಎಣಿಕೆ ಹದವಾಗಿದೆ ಎಂದು ತಿಳಿಯಬೇಕು. ಮನೆಯಲ್ಲಿ ದಯವಿಟ್ಟು “ಇಂಟರ್‌ನೆಟ್‌ನಲ್ಲಿ ಎಷ್ಟಿದೆ ನೋಡಿ ಅದನ್ನೇ ಬರೆ” ಎನ್ನಬೇಡಿ.

ಮನೆಯಲ್ಲೂ ನೋಡುವ ಆಸೆಯಿದ್ದರೆ ಒಂದು ಕನ್ನಡಿ ಚೂರು ಸಾಕು. ಅದರ ಮೇಲೆ ಕಾಗದ ಅಂಟಿಸಿ, ಕಾಗದದಲ್ಲಿ 5–6 ಮಿ.ಮೀ. ತೂತು ಬಿಡಿ. ಅಂಗಳದ ಬಿಸಿಲಲ್ಲಿ ಕನ್ನಡಿಯನ್ನು ಕದಲದಂತೆ ನಿಲ್ಲಿಸಿ, ಬೆಳಕನ್ನು ಕತ್ತಲು ಕೋಣೆಯ ಗೋಡೆಗೆ ಹಾಯಿಸಿ. 10 ಮೀಟರ್ ದೂರಕ್ಕೆ ಸುಮಾರು 9 ಸೆಂ.ಮೀ. ಬಿಂಬ, 20 ಮೀಟರ್‌ಗೆ 18ಕ್ಕಿಂತ ತುಸು ಹೆಚ್ಚು. ತೂತು ಚೌಕವಿದ್ದರೂ ಬಿಂಬ ದುಂಡಗೇ ಇರುತ್ತದೆ, ಮಕ್ಕಳಿಗೆ ಅದೇ ದೊಡ್ಡ ಸೋಜಿಗ. ದೊಡ್ಡ ಕಲೆಗಳು ಮಸುಕಾಗಿ ಕಂಡಾವು, ಸಣ್ಣವು ಕಾಣವು. ಕನ್ನಡಿಯ ಕಡೆ ಮಾತ್ರ ಯಾರೂ ತಿರುಗಿ ನೋಡಬಾರದು, ಅದು ಸೂರ್ಯನನ್ನೇ ನೋಡಿದಂತೆ.

ಗ್ರಹಣದ ದಿನ ತಟ್ಟೆಯಲ್ಲಿ ಸಗಣಿ ನೀರು, ಅರಿಸಿನ ನೀರು ಇಟ್ಟು ನೋಡುವ ರೂಢಿ ನಮ್ಮಲ್ಲಿದೆ. ನಡುಹಗಲಲ್ಲೂ ನೀರಿನ ಮೇಲ್ಮೈ ನೂರಕ್ಕೆ ಸುಮಾರು ಎರಡು ಪಾಲು ಬೆಳಕನ್ನು ಕಣ್ಣಿಗೆ ಕಳಿಸುತ್ತದೆ. ಐಎಸ್ಒ 12312-2 ಗುರುತಿನ ಸೌರ ಕನ್ನಡಕ ಬಿಡುವುದು ಲಕ್ಷಕ್ಕೆ ಮೂರು ಪಾಲಿನ ಆಸುಪಾಸು, ಅಥವಾ ಅದಕ್ಕೂ ಕಡಿಮೆ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿದ ಗಾಜು, ಸಿ.ಡಿ. ಯಾವುದೂ ಬೇಡ. ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ; ಸುಟ್ಟದ್ದು ತಿಳಿಯುವುದು ಕೆಲವು ಗಂಟೆಗಳ ಮೇಲೆ, ಓದುವಾಗ ಅಕ್ಷರದ ನಡುವೆ ಕಪ್ಪು ಮಚ್ಚೆ ಬಂದಾಗ.

ಕೆಲವು ಮನೆಗಳಲ್ಲಿರುವ ಇನ್ನೊಂದು ಭಯ ಫಾರ್ವರ್ಡ್ ಮೆಸೇಜ್‌ಗಳದ್ದು. “ಇಂದು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣ ಬರುತ್ತದೆ, ಮೊಬೈಲ್ ಆಫ್ ಮಾಡಿ ದೂರ ಇಡಿ” ಎಂಬುದು ವರ್ಷಗಳಿಂದ ಸುತ್ತುತ್ತಿದೆ. ಹೊತ್ತನ್ನು ಇಷ್ಟು ಕರಾರುವಾಕ್ಕಾಗಿ ಹೇಳಿರುವುದೇ ಅದು ಸುಳ್ಳು ಎನ್ನುವುದಕ್ಕೆ ಗುರುತು. ಸೌರಜ್ವಾಲೆಯ (ಸೂರ್ಯನ ಮೇಲಿನ ದಿಢೀರ್ ಸ್ಫೋಟದ) ಕ್ಷಕಿರಣ ನಮಗೆ ತಲುಪಲು 8 ನಿಮಿಷ 20 ಸೆಕೆಂಡು ಸಾಕು, ನಾವು ಕಂಡಾಗಲೇ ಅದು ಬಂದಾಗಿರುತ್ತದೆ. ಸೂರ್ಯ ಉಗುಳಿದ ಕಾಂತೀಯ ಮೋಡಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು, ಅಂದಾಜು ಎಷ್ಟೋ ಗಂಟೆ ಹಿಂದುಮುಂದಾಗುತ್ತದೆ. ಖಚಿತ ಸುದ್ದಿ ಸಿಗುವುದು ಅದು 15 ಲಕ್ಷ ಕಿ.ಮೀ. ದೂರದಲ್ಲಿ ಆದಿತ್ಯ ಎಲ್-1ರಂಥ ನೌಕೆಗಳನ್ನು ದಾಟಿದಾಗಲೇ. ಸೆಕೆಂಡಿಗೆ 500 ಕಿ.ಮೀ. ವೇಗದ ಮೋಡವಾದರೆ ಅಲ್ಲಿಂದ ಇಲ್ಲಿಗೆ 50 ನಿಮಿಷ.

ಬಂದರೆ ಏನಾಗುತ್ತದೆ? 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ 60 ಲಕ್ಷ ಜನರಿಗೆ ಸುಮಾರು ಒಂಬತ್ತು ಗಂಟೆ ಕರೆಂಟ್ ಹೋಯಿತು. ಬಿರುಗಾಳಿ ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸಿದಾಗ ನೂರಾರು ಕಿ.ಮೀ. ಉದ್ದದ ತಂತಿಗಳಲ್ಲಿ ವಿದ್ಯುತ್ ಹುಟ್ಟುತ್ತದೆ. ಕಿ.ಮೀ.ಗೆ 5 ವೋಲ್ಟ್‌ನಷ್ಟು ಜೋರಾಗಿದ್ದರೂ ಮನೆಯ 10 ಮೀಟರ್ ತಂತಿಗೆ ಬರುವುದು 0.05 ವೋಲ್ಟ್. ಅಂಗೈಯಗಲದ ಮೊಬೈಲ್‌ಗೆ ಏನೂ ಇಲ್ಲ. ನಮ್ಮ ಅಕ್ಷಾಂಶದಲ್ಲಿ ಅಷ್ಟು ಜೋರೂ ಇರುವುದಿಲ್ಲ.

ನಮಗೆ ತಟ್ಟುವುದು ಬೇರೆ ಕಡೆ. ದಕ್ಷಿಣ ಭಾರತ ಕಾಂತೀಯ ಸಮಭಾಜಕದ ಹತ್ತಿರವಿದೆ. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅದರಲ್ಲೂ ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ, ಸಂಜೆ ಕಳೆದ ಮೇಲೆ ಅಯಾನುಗೋಳದಲ್ಲಿ (ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರದಲ್ಲಿ) ಗುಳ್ಳೆಗಳೆದ್ದು ಜಿಪಿಎಸ್ ಸಂಕೇತ ಮಿನುಗುತ್ತದೆ. ಫೋನಿನ ಮ್ಯಾಪ್‌ನಲ್ಲಿ ನೀಲಿ ಚುಕ್ಕೆ ಕೆಲವು ಮೀಟರ್ ಆಚೀಚೆ ಹೋದೀತು. ಜಮೀನು ಅಳೆಯುವ ರೋವರ್ ಎಂಬ ಜಿಪಿಎಸ್ ಉಪಕರಣಕ್ಕೆ ಸೆಂಟಿಮೀಟರ್ ಲೆಕ್ಕ ಬೇಕಾದ್ದರಿಂದ ಇಂಥ ವರ್ಷಗಳಲ್ಲಿ ಹಗಲಲ್ಲೂ ‘ಫಿಕ್ಸ್’ ಆಗಲು, ಅಂದರೆ ಜಾಗ ನಿಖರವಾಗಿ ಗೊತ್ತಾಗಲು, ತಡವಾಗಬಹುದು. ಎಕ್ಸ್ ವರ್ಗದ, ಅಂದರೆ ಅತಿ ಜೋರಿನ ಜ್ವಾಲೆ ಹಗಲು ಹೊತ್ತಿನಲ್ಲಿ ಎದ್ದರೆ ಶಾರ್ಟ್‌ವೇವ್ ರೇಡಿಯೊ ಸ್ವಲ್ಪ ಹೊತ್ತು ಸತ್ತಂತಾಗುತ್ತದೆ, ಎಫ್‌ಎಂ ಮಾಮೂಲಿನಂತೆ ಹಾಡುತ್ತಿರುತ್ತದೆ. ಬೇಸಿಗೆಯ ಧಗೆಗೂ ಇದಕ್ಕೂ ನಂಟು ಹಚ್ಚುವವರಿದ್ದಾರೆ: ಭೂಮಿಗೆ ಬರುವ ಸೂರ್ಯಶಕ್ತಿ ಚದರ ಮೀಟರಿಗೆ ಸುಮಾರು 1361 ವಾಟ್, ಇಡೀ ಆವರ್ತದಲ್ಲಿ ಅದು ಬದಲಾಗುವುದು ಒಂದೂವರೆ ವಾಟ್‌ನಷ್ಟು.

ಬೇಕಾದ ಸಾಮಾನು ಕಡಿಮೆ: ಪ್ರತಿ ಮಗುವಿಗೆ 100 ಪುಟದ ಬಿಳಿ ಹಾಳೆಯ ಪುಸ್ತಕ, ಎಚ್‌ಬಿ ಪೆನ್ಸಿಲ್, ತಲೆಗೊಂದು ಟೋಪಿ. ಸರದಿಯ ದಿನ ಮಗು 8.50ಕ್ಕೆ ಶಾಲೆಯಲ್ಲಿರಲಿ. ಬಿಸಿಲೇರಿದಂತೆ ಮೈದಾನದ ಕಾವಿಗೆ ಬಿಂಬದ ಅಂಚು ಕುದಿಯುವ ನೀರಿನಂತೆ ನಡುಗುವುದರಿಂದ ಹೊತ್ತು ಮುಂದೂಡಲು ಆಗದು. ಕಣ್ಣಿನ ಚಿಕಿತ್ಸೆ ನಡೆಯುತ್ತಿದ್ದರೆ, ಬಿಸಿಲಿಗೆ ತಲೆ ಸುತ್ತುವ ತೊಂದರೆಯಿದ್ದರೆ ಒಪ್ಪಿಗೆ ಚೀಟಿಯಲ್ಲಿ ಬರೆಯಿರಿ, ಆ ಮಗುವಿಗೆ ಒಳಗೆ ಕೂತು ದಾಖಲೆ ಬರೆಯುವ ಕೆಲಸ ಕೊಡುತ್ತೇವೆ. ಚೀಟಿ ಬಾರದ ಮಗುವನ್ನು ಟೆಲಿಸ್ಕೋಪ್ ಹತ್ತಿರ ಬಿಡುವುದಿಲ್ಲ.

ಮೋಡ ಕವಿದ ದಿನ ಪುಸ್ತಕದಲ್ಲಿ ಸೊನ್ನೆ ಬರೆಯುವಂತಿಲ್ಲ, ‘ಮೋಡ’ ಎಂದೇ ಬರೆಯಬೇಕು. ಸೊನ್ನೆ ಎಂದರೆ ಸೂರ್ಯ ಕಂಡ, ಕಲೆ ಇರಲಿಲ್ಲ ಎಂದರ್ಥ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು