ಒಂದು ಹಗರೆ, ಒಂದು ಫ್ರೀ

ಕಳೆದ ಭಾನುವಾರ ಬೆಳಿಗ್ಗೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಾನೂ ಅಪ್ಪನೂ ಬೇಲೂರು ಬಸ್ ಹತ್ತಿದೆವು. ಕಂಡಕ್ಟರ್ ಟಿಕೆಟ್ ಮೆಷಿನ್ ಹಿಡಿದು ಬಂದು ನಿಂತರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎಡಗೈಯಿಂದ ನನ್ನ ಮೊಣಕಾಲು ಒತ್ತಿದರು. ಸುಮ್ನಿರು ಅಂತ. ಆಮೇಲೆ ಹೇಳಿದರು.

"ಒಂದು... ಹಗರೆ. ಒಂದು... ಫ್ರೀ."

ಫ್ರೀ ಅಂದರೆ ನಾನು. ಶಕ್ತಿ ಯೋಜನೆಯ ಟಿಕೆಟ್. ಇಷ್ಟು ಹೇಳುವುದರೊಳಗೆ ಬಸ್ಸು ಸ್ಟ್ಯಾಂಡ್ ಬಿಟ್ಟು ರಸ್ತೆಗೆ ಇಳಿದಿತ್ತು. ಆ ಕಂಡಕ್ಟರ್ ಹುಡುಗ ಅವಸರ ಮಾಡಲಿಲ್ಲ. "ಹಗರೆನಾ?" ಅಂತ ಮಧ್ಯೆ ಬಾಯಿ ಹಾಕಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಮುಖ ನೋಡಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಾ ನಿಂತಿದ್ದು, ಹರಿದ ಟಿಕೆಟ್ಟನ್ನು ಅವರ ಕೈಗೇ ಕೊಟ್ಟು ಹೋದರು. ಹಗರೆಯಲ್ಲಿ ಅತ್ತೆ ಮನೆ ತಲುಪುವವರೆಗೂ ಅಪ್ಪ ಆ ಚೀಟಿಯನ್ನು ಮುಷ್ಟಿಯಲ್ಲೇ ಹಿಡಿದಿದ್ದರು.

ಅಪ್ಪನೂ ಕಂಡಕ್ಟರ್ ಆಗಿದ್ದವರೇ. ಮೂವತ್ತೈದು ವರ್ಷ. ಅದರಲ್ಲಿ ಜಾಸ್ತಿ ಓಡಾಡಿದ್ದು ಇದೇ ಹಾಸನ, ಬೇಲೂರು, ಚಿಕ್ಕಮಗಳೂರು ರೂಟಿನಲ್ಲಿ. ಅವರ ದನಿ ಹಿಂದಿನ ಬಾಗಿಲಿಂದ ಡ್ರೈವರ್ ಸೀಟಿನವರೆಗೂ ಕೇಳುತ್ತಿತ್ತು. ಆ ದನಿಯಲ್ಲಿ ಒಂದು ಟಿಕೆಟ್ ಕೇಳುವ ಹೊತ್ತಿಗೆ ನಮಗೆ ಒಂದು ವರ್ಷದ ಮೇಲಾಯಿತು. ಈ ವರ್ಷದಲ್ಲಿ ಆಸರೆಯಾದ ಎಲ್ಲರಿಗೂ ಧನ್ಯವಾದ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಒಬ್ಬರು ನಮ್ಮನ್ನು ಒಮ್ಮೆಯೂ ನೋಡಿದವರಲ್ಲ. ಅವರು ಅನಂತನಾಗ್.

2024ರ ಅಕ್ಟೋಬರ್ ಕೊನೆ. ಹಾಸನಾಂಬೆ ಗುಡಿಯ ಬಾಗಿಲು ತೆಗೆದಿದ್ದ ದಿನಗಳು, ಊರಿನ ತುಂಬ ಜನ. ಬೆಳಿಗ್ಗೆ ಕಾಫಿ ಕುಡಿಯುವಾಗ ಅಪ್ಪನ ಬಲಗೈಯಿಂದ ಲೋಟ ಜಾರಿತು. ಬಾಯಿ ಒಂದು ಕಡೆ ಎಳೆದಿತ್ತು. ಮೊದಲು ಹೋದ ಕಡೆ ಬಿಪಿ ಜಾಸ್ತಿಯಾಗಿದೆ ಅಂತ ಮಾತ್ರೆ ಕೊಟ್ಟು ಕೂರಿಸಿದರು. ಅಲ್ಲಿಂದ ಹೊರಟು, ಜಾತ್ರೆ ಟ್ರಾಫಿಕ್ಕಿನಲ್ಲಿ ಸಿಕ್ಕಿ, ದೊಡ್ಡಾಸ್ಪತ್ರೆ ತಲುಪುವಾಗ ಆರು ಗಂಟೆ ಕಳೆದಿತ್ತು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆಯಂತೆ, ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಅದರ ಬಗ್ಗೆ ಈಗ ಕೋಪ ಮಾಡಿಕೊಳ್ಳುವಷ್ಟು ಶಕ್ತಿ ನನ್ನಲ್ಲಿಲ್ಲ. ಓದುತ್ತಿರುವ ನೀವು ಇಷ್ಟು ನೆನಪಿಟ್ಟುಕೊಳ್ಳಿ, ಸಾಕು: ಬಾಯಿ ವಾರೆಯಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ, ಸ್ಕ್ಯಾನಿಂಗ್ ಇರುವ ದೊಡ್ಡ ಆಸ್ಪತ್ರೆಗೇ ಸೀದಾ ಹೋಗಿ.

ಜೀವ ಉಳಿಯಿತು. ಕಾಲು ನಿಧಾನಕ್ಕೆ ಬಂತು. ಮಾತು ಬರಲಿಲ್ಲ. ಒಂದೇ ಒಂದು ಪದ ಉಳಿದಿತ್ತು: "ರೈಟ್." ನೀರು ಬೇಕಾದರೂ ರೈಟ್, ಬೇಡವಾದರೂ ರೈಟ್, ಅಮ್ಮನನ್ನು ಕರೆಯಲೂ ರೈಟ್, ಸಿಟ್ಟು ಬಂದರೆ ಜೋರಾಗಿ ರೈಟ್. ವಾರ್ಡಿನ ಸಿಸ್ಟರುಗಳು ಅವರಿಗೆ ರೈಟಣ್ಣ ಅಂತಲೇ ಹೆಸರಿಟ್ಟಿದ್ದರು. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಪ್ರತಿ ಸಲ ಹಾಸಿಗೆ ಪಕ್ಕ ಬಂದಾಗ "ಹೋಲ್ಡಾನ್" ಅನ್ನುತ್ತಿದ್ದರು. ಅಪ್ಪ ನಗುತ್ತಿದ್ದರು. ಆ ಸಿಸ್ಟರಿಗೆ ನನ್ನ ಮೊದಲ ನಮಸ್ಕಾರ.

ಡಿಸ್ಚಾರ್ಜ್ ಆದಮೇಲೆ ವಾರಕ್ಕೆ ಎರಡು ದಿನ ಸ್ಪೀಚ್ ಥೆರಪಿ. ಆ ಮೇಡಂ ನಮಗೆ ಅಪ್ಪನ ಭಾಷೆಯಲ್ಲೇ ಹೇಳಿದರು. "ಊರುಗಳೆಲ್ಲ ಇದ್ದ ಜಾಗದಲ್ಲೇ ಇವೆ. ರೋಡ್ ಮಾತ್ರ ಕಿತ್ತುಹೋಗಿದೆ." ಅಂದರೆ ಪದಗಳು ತಲೆಯಲ್ಲಿವೆ, ನಾವು ಹೇಳಿದ್ದೂ ಅರ್ಥವಾಗುತ್ತದೆ, ಬಾಯಿಗೆ ಬರುವ ದಾರಿ ಕೆಟ್ಟಿದೆ. ಹಾಡು, ಎಣಿಕೆ, ಬಾಯಿಪಾಠ ಇದ್ದದ್ದು ಬೇರೆ ದಾರಿಯಲ್ಲಿ ಬರುತ್ತವಂತೆ. "ಇವರಿಗೆ ತುಂಬ ಇಷ್ಟವಾದದ್ದು ಏನು?" ಅಂತ ಕೇಳಿದರು. ನಾನು ಯೋಚಿಸುತ್ತಿದ್ದೆ. ಅಮ್ಮ ಯೋಚಿಸಲೇ ಇಲ್ಲ. "ಅನಂತನಾಗು" ಅಂದಳು. ಅದರಲ್ಲಿ ಸ್ವಲ್ಪ ಸವತಿಯ ಮೇಲಿನ ಸಿಟ್ಟೂ ಇತ್ತು.

ಅಪ್ಪ ಫ್ಯಾನ್ ಆಗಿದ್ದು 1979ರಲ್ಲಿ, 'ನಾ ನಿನ್ನ ಬಿಡಲಾರೆ' ನೋಡಿ. ಮೈಮೇಲೆ ದೆವ್ವ ಬಂದ ಗಂಡಸಾಗಿ ಅನಂತನಾಗ್ ಮಾಡಿದ್ದು ನೋಡಿ ಸೆಕೆಂಡ್ ಶೋ ಮುಗಿಸಿ ಒಬ್ಬರೇ ನಡೆದು ಬರಲು ಹೆದರಿ, ಗೆಳೆಯನ ಮನೆ ಜಗಲಿಯಲ್ಲಿ ಮಲಗಿದ್ದರಂತೆ. ನನಗೆ ಆ ಸಿನಿಮಾ ಅಷ್ಟಕ್ಕಷ್ಟೇ. ಅಪ್ಪನ ಮುಂದೆ ಅದನ್ನು ಹೇಳುವ ಧೈರ್ಯ ಇವತ್ತಿಗೂ ಇಲ್ಲ.

ಹೀಗೆ ನಮ್ಮ ಮನೆಯಲ್ಲಿ ದಿನಾ ಸಂಜೆ ಅನಂತನಾಗ್ ಶುರುವಾಯಿತು. ಮೊದಲು 'ಬಯಲು ದಾರಿ'ಯ ಹಾಡುಗಳು. ರಾಗ ಹಿಡಿದು ಗುನುಗುತ್ತಾ ಇದ್ದವರು ಮೂರನೇ ವಾರದಲ್ಲಿ ಒಂದು ಸಾಲನ್ನು ಪದ ಸಮೇತ ಹಾಡಿಬಿಟ್ಟರು. ಹಾಡು ನಿಲ್ಲಿಸಿ ನೀರು ಕೇಳಿ ಅಂದರೆ ಮತ್ತೆ "ರೈಟ್." ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬೇಜಾರಿಗೋ ಖುಷಿಗೋ ಅವಳಿಗೇ ಗೊತ್ತಿರಲಿಲ್ಲ.

ಆಮೇಲೆ ಸಿನಿಮಾ ಹೆಸರು ಹೇಳುವ ಅಭ್ಯಾಸ. ಇಲ್ಲೊಂದು ತಮಾಷೆ ಇದೆ. ಮಾತೇ ಬಾರದ ಮನುಷ್ಯನಿಗೆ ನಾವು ಹೇಳಿಕೊಡುತ್ತಿದ್ದ ಹೆಸರುಗಳು ಯಾವುವು? 'ಹೆಂಡ್ತಿಗೇಳ್ಬೇಡಿ', 'ಯಾರಿಗೂ ಹೇಳ್ಬೇಡಿ'! ಎರಡನ್ನೂ ಅಪ್ಪ ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ ಅಂತ ಅಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು.

ಒಬ್ಬ ನಟನ ಸಿನಿಮಾಗಳನ್ನು ದಿನಕ್ಕೊಂದರಂತೆ ನೋಡಿದಾಗ, ಬಿಡುಗಡೆಯಾದಾಗ ಕಾಣದ್ದು ಕಾಣುತ್ತದೆ. 'ಮಿಂಚಿನ ಓಟ'ದಲ್ಲಿ ತಮ್ಮ ಶಂಕರ್ ನಾಗ್ ಜೊತೆ ಕಾರು ಕದಿಯುವವನು, 'ಹಂಸಗೀತೆ'ಯಲ್ಲಿ ಚಿತ್ರದುರ್ಗದ ಸಂಗೀತಗಾರ. 'ಗಣೇಶನ ಮದುವೆ'ಯಲ್ಲಿ ವಠಾರದ ಮನೆ ಓನರ್ ಜೊತೆ ಜಗಳ ಆಡಿಕೊಂಡು ಅವನ ಮಗಳನ್ನೇ ಮದುವೆಯಾಗುವ ವೈ.ಜಿ. ರಾವ್. 'ಉದ್ಭವ'ದಲ್ಲಿ ಗಣಪತಿ ಮೂರ್ತಿ ಇಟ್ಟುಕೊಂಡು ಊರನ್ನೇ ಆಟ ಆಡಿಸುವ ಚಾಲಾಕಿ. ಈ ಕೊನೆಯ ಎರಡೂ 1990ರಲ್ಲೇ ಬಂದವು. ಒಂದರಲ್ಲಿ ಪಕ್ಕದ ಮನೆ ಹುಡುಗ, ಇನ್ನೊಂದರಲ್ಲಿ ಮನೆ ಬಾಗಿಲಿಗೂ ಸೇರಿಸಬಾರದ ಆಸಾಮಿ. ಮೀಸೆ, ವೇಷ ಹೆಚ್ಚೇನೂ ಬದಲಾಗಿಲ್ಲ. ಕಣ್ಣು ಬದಲಾಗಿದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಟೀವಿಯದ್ದು. 1987ರಲ್ಲಿ ದೂರದರ್ಶನದಲ್ಲಿ ಬಂದ 'ಮಾಲ್ಗುಡಿ ಡೇಸ್'. ನಮ್ಮಲ್ಲಿ ಎಲ್ಲರಿಗೂ ಆಗುಂಬೆ ನೆನಪಿದೆ, ಸ್ವಾಮಿ ನೆನಪಿದ್ದಾನೆ. ಮಿಠಾಯಿ ಅಂಗಡಿಯ ಜಗನ್ ಎಷ್ಟು ಜನಕ್ಕೆ ನೆನಪಿದ್ದಾನೋ. ಅಮೆರಿಕಕ್ಕೆ ಹೋಗಿ ಬಂದ ಮಗನ ಜೊತೆ ಏನು ಮಾತಾಡಬೇಕು ಅಂತ ತಿಳಿಯದ ಮುದಿ ಅಪ್ಪ. ಆಗ ಅನಂತನಾಗ್ ಅವರಿಗೆ ನಲವತ್ತೂ ತುಂಬಿರಲಿಲ್ಲ. ಅದೇ ಕಾಲದಲ್ಲಿ ಸಿನಿಮಾದಲ್ಲಿ ಹೀರೋ ಬೇರೆ! ಜಗನ್ ಮಗನ ಕೋಣೆಯ ಕಡೆ ನೋಡುತ್ತಾನೆ, ಏನೋ ಹೇಳಲು ಹೊರಡುತ್ತಾನೆ, ನಿಲ್ಲಿಸುತ್ತಾನೆ.

ಆ ನಿಲ್ಲಿಸುವುದಿದೆಯಲ್ಲ, ಅಲ್ಲಿ ನನಗೆ ಹೊಳೆಯಿತು. ಅನಂತನಾಗ್ ಮಾತಿನ ನಡುವೆ ಜಾಗ ಬಿಡುತ್ತಾರೆ. ಹಾಸ್ಯದಲ್ಲೂ ಅಷ್ಟೆ. ಒಂದು ಸುಳ್ಳು ಹೇಳುವ ಮುಂಚೆ ಎದುರಿನವರನ್ನು ನೋಡಿ, ಗಂಟಲು ಸರಿಮಾಡಿಕೊಂಡು, ಅರ್ಧ ಪದ ಆಡಿ, ವಾಪಸ್ ತಗೊಂಡು, ಆಮೇಲೆ ಹೇಳುತ್ತಾರೆ. ನಾವು ಆ ಹೊತ್ತನ್ನು ಆಸೆಯಿಂದ ಕಾಯುತ್ತೇವೆ, ಅಲ್ವಾ? ಟೀವಿಗೆ ಕೂಗಿ ಪದ ಹೇಳಿಕೊಡುವುದಿಲ್ಲ. ಆದರೆ ಅಪ್ಪ "ಅ... ಅ..." ಅಂದ ತಕ್ಷಣ ನಾನು, ಅಮ್ಮ, ವಾರಕ್ಕೊಮ್ಮೆ ಬೆಂಗಳೂರಿಂದ ಬರುವ ತಮ್ಮ, ಮೂರೂ ಜನ ಮೈಮೇಲೆ ಬಿದ್ದು "ಅನ್ನನಾ? ಅಕ್ಕನಾ? ಅಲ್ಲಿಟ್ಟಿದ್ದಾ?" ಅನ್ನುತ್ತಿದ್ದೆವು. ಅಪ್ಪ ಸೋತು "ರೈಟ್" ಅಂದು ಗೋಡೆಗೆ ತಿರುಗುತ್ತಿದ್ದರು. ಮೇಡಂ ಎಷ್ಟೋ ಸಲ ಹೇಳಿದ್ದರು, ಕಾಯಿರಿ, ಅವರ ಪದವನ್ನು ನೀವು ಕಿತ್ತುಕೊಳ್ಳಬೇಡಿ ಅಂತ. ನನ್ನ ತಲೆಗೆ ಹೋಗಿದ್ದು ಮಾತ್ರ ಮಿಠಾಯಿ ಅಂಗಡಿಯ ಜಗನ್ನನ ಮುಖ ನೋಡಿದ ಮೇಲೆ. ಅವತ್ತಿಂದ ಅಪ್ಪ ಬಾಯಿ ತೆರೆದರೆ ನಾನು ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತೇನೆ. ಕೆಲವು ಸಲ ಇಪ್ಪತ್ತು.

2025ರ ಜನವರಿ 25ರ ರಾತ್ರಿ ಪದ್ಮ ಪ್ರಶಸ್ತಿಗಳ ಪಟ್ಟಿ ಬಂತು. ಅನಂತನಾಗ್ ಅವರಿಗೆ ಪದ್ಮಭೂಷಣ. ಟೀವಿಯ ಕೆಳಗಿನ ಪಟ್ಟಿಯಲ್ಲಿ ಹೆಸರು ಓಡಿದ್ದೇ ತಡ, ಅಪ್ಪನ ಕಣ್ಣಲ್ಲಿ ನೀರು. ಏನೋ ಹೇಳಲು ಹೊರಟರು. ನಾನು ಎಣಿಸಿದೆ. ಹದಿನಾಲ್ಕಕ್ಕೆ ಬಂತು.

"ಲೇಟು."

ಬಸ್ಸು ಎರಡು ಗಂಟೆ ತಡವಾಗಿ ಬಂದಾಗ ಡಿಪೋದಲ್ಲಿ ಹೇಳುವ ಹಾಗೆ. ಹಾಡಲ್ಲ, ಬಾಯಿಪಾಠವಲ್ಲ, ಅವರದ್ದೇ ಅಭಿಪ್ರಾಯ. ಮೂರು ತಿಂಗಳಲ್ಲಿ ಮೊದಲನೆಯದು.

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ತೋರಿಸುವುದು ಬೇಡ ಅಂತ ತಮ್ಮ ಹೇಳಿದ್ದ. 2016ರ ಸಿನಿಮಾ. ಮರೆವಿನ ಕಾಯಿಲೆಯ ವೆಂಕೋಬ ರಾವ್ ಕಳೆದುಹೋಗುತ್ತಾರೆ, ಮಗ ಹುಡುಕುತ್ತಾನೆ. ಅಪ್ಪನಿಗೆ ನೋವಾಗುತ್ತದೆ ಅಂತ ಅವನ ಭಯ. ಅಪ್ಪನೇ ಮೊಬೈಲಿನಲ್ಲಿ ಅದರ ಫೋಟೋ ಮೇಲೆ ಬೆರಳಿಟ್ಟು ಕೂತರು. ಸರಿ, ಹಾಕಿದೆವು. ಆ ಸಿನಿಮಾದಲ್ಲಿ ಅನಂತನಾಗ್ ಅಳುವುದು ಕಡಿಮೆ, ನಮ್ಮನ್ನು ಅಳಿಸುವುದು ಜಾಸ್ತಿ. ಎಲ್ಲಿದ್ದೇನೆ ಅಂತ ಗೊತ್ತಾಗದೆ ಸುತ್ತ ನೋಡುವ ಆ ನೋಟ ಇದೆಯಲ್ಲ, ಅದನ್ನು ನಾನು ಆಸ್ಪತ್ರೆಯಲ್ಲಿ ಅಪ್ಪನ ಮುಖದಲ್ಲೇ ನೋಡಿದ್ದೆ. ತಮ್ಮ ಎದ್ದು ಹೊರಗೆ ಹೋದ. ಸಿನಿಮಾ ಮುಗಿದಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಕಾಣೆಯಾದವರ ಜಾಹೀರಾತಿನಲ್ಲಿ ಬರುವ ಮಾತಲ್ವಾ ಅದು, ಗೋಧಿ ಬಣ್ಣ. ಅಪ್ಪ ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ಲೈಟಿಗೆ ಹಿಡಿದರು. ಮೂವತ್ತೈದು ವರ್ಷ ಬಿಸಿಲು ತಿಂದ ಕೈ. ತಲೆ ಅಲ್ಲಾಡಿಸಿದರು. ನಾವು ಕಾದೆವು.

"ರಾಗಿ."

ಅಮ್ಮ ನಕ್ಕ ಸದ್ದಿಗೆ ತಮ್ಮ ಒಳಗೆ ಓಡಿ ಬಂದ.

'ಮುಂಗಾರು ಮಳೆ' ಹಾಕಿದ ದಿನ ಅಪ್ಪನಿಗೆ ಸಿನಿಮಾಕ್ಕಿಂತ ರಸ್ತೆ ಮೇಲೆ ಕಣ್ಣು. ನಮ್ಮ ಸಕಲೇಶಪುರದ ಕಡೆಯೂ ಅದರ ಶೂಟಿಂಗ್ ಆಗಿತ್ತಲ್ಲ. ಅದರಲ್ಲಿ ಕರ್ನಲ್ ಸುಬ್ಬಯ್ಯನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. "ಅವರಿಗೆ ಕಿವಿ ಇಲ್ಲ, ನಿಮಗೆ ಬಾಯಿ ಇಲ್ಲ, ಒಳ್ಳೆ ಜೋಡಿ" ಅಂದಳು ಅಮ್ಮ. ನನ್ನ ಅಂಗಡಿಗೆ ಜೆರಾಕ್ಸ್‌ಗೆ ಬರುವ ಕಾಲೇಜು ಹುಡುಗರಿಗೆ ಅನಂತನಾಗ್ ಅಂದರೆ ಮೊದಲ 'ಕೆಜಿಎಫ್'ನಲ್ಲಿ ಕಥೆ ಹೇಳುವ ಆನಂದ್ ಇಂಗಳಗಿ. ಅದಕ್ಕೂ ಅಡ್ಡಿಯಿಲ್ಲ. ಕುರ್ಚಿಯಲ್ಲಿ ಕೂತು ಬರೀ ಮಾತಿನಲ್ಲೇ ಕೂರಿಸಿಕೊಳ್ಳುವುದು ಎಲ್ಲರಿಗೂ ಬರುವುದಿಲ್ಲ. ಎರಡನೇ ಭಾಗದಲ್ಲಿ ಅವರಿಲ್ಲ ಅಂತ ಅಪ್ಪ ಆಗಲೇ, ಮಾತು ಚೆನ್ನಾಗಿದ್ದ ಕಾಲದಲ್ಲಿ, ಜೋರಾಗಿಯೇ ಬೈದಿದ್ದರು.

ಹಣಕ್ಕೆ ಸಹಾಯ ಮಾಡಿದ ಅಪ್ಪನ ಹಳೇ ಡಿಪೋ ಗೆಳೆಯರಿಗೆ, ಕರೆದಾಗಲೆಲ್ಲ ಬಂದು ಮೀಟರ್ ಮೇಲೆ ಒಂದು ರೂಪಾಯಿ ಕೇಳದ ನಮ್ಮ ಬೀದಿಯ ಆಟೋ ಅಣ್ಣನಿಗೆ, ಫಿಸಿಯೋ ಸರ್‌ಗೆ, ಮೇಡಂಗೆ, ಆ ಬೇಲೂರು ಬಸ್ಸಿನ ಕಂಡಕ್ಟರ್‌ಗೆ ನಮ್ಮ ಮನೆಯವರೆಲ್ಲರ ಧನ್ಯವಾದ. ಅನಂತನಾಗ್ ಸರ್, ಇದು ನಿಮಗೆ ತಲುಪುತ್ತದೋ ಇಲ್ಲವೋ. ನೀವು ಮಾತಾಡದೆ ಬಿಟ್ಟ ಜಾಗಗಳಲ್ಲಿ ನಮ್ಮಪ್ಪ ಮಾತು ಕಲಿತರು.

ಇಷ್ಟು ಬರೆದು ನಿನ್ನೆ ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು. ಮುಗಿದ ಮೇಲೆ ಎಡಗೈ ಎತ್ತಿದರು.

"ಬ... ಬರ."

"ಯಾರು ಬರಲ್ಲ?" ಅಂದಳು ಅಮ್ಮ. ನಾನು ಅವಳ ಕೈ ಹಿಡಿದೆ. ಎಣಿಸಿದೆ. ಅಪ್ಪ ಹಣೆ ಗಂಟಿಕ್ಕಿ, ನನ್ನ ಹಾಳೆಯ ಕಡೆ ಬೆರಳು ತೋರಿಸಿ, ಇನ್ನೊಂದು ಸಲ, ಈ ಸಲ ಸ್ವಲ್ಪ ಸಿಟ್ಟಿನಿಂದ, "ಬರ!" ಅಂದರು.

ಎಂ.ಎಸ್. ಸತ್ಯು ಅವರ 'ಬರ'. ಅನಂತಮೂರ್ತಿಯವರ ಕಥೆ. ಬರಗಾಲದ ಜಿಲ್ಲೆಯಲ್ಲಿ ರಾಜಕೀಯಕ್ಕೆ ಸಿಕ್ಕಿ ಒದ್ದಾಡುವ ಜಿಲ್ಲಾಧಿಕಾರಿಯಾಗಿ ಅನಂತನಾಗ್. ನಾನು ಬಿಟ್ಟುಬಿಟ್ಟಿದ್ದೆ. ಸೇರಿಸಿದ್ದೀನಪ್ಪ.