ಕೆಳಗಿನ ತೋಟವನ್ನು ಮಾರುವುದು ಬೇಡ

ಪ್ಲಾಸರ್‌ವಿಲ್, ಕ್ಯಾಲಿಫೋರ್ನಿಯಾ
ಮಾರ್ಚ್ 2025

ತೀರ್ಥರೂಪರಾದ ಅಪ್ಪಯ್ಯನವರಿಗೂ ಆಯಿಗೂ ಸುಮಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ನಿಮ್ಮ ಪತ್ರ ತಲುಪಿತು. ಕೊನೆಕೊಯ್ಲು ಮುಗಿದದ್ದು, ಮಾವನ ಕಣ್ಣಿನ ಆಪರೇಶನ್ ಸುಸೂತ್ರವಾಗಿ ಆದದ್ದು ತಿಳಿದು ಸಮಾಧಾನವಾಯಿತು. ಆದರೆ ಪತ್ರದ ಕೊನೆಯಲ್ಲಿ ಬರೆದ ಮಾತನ್ನು ಓದಿದ ಮೇಲೆ ಇವರಿಗೂ ನನಗೂ ಬೇರೆ ಯೋಚನೆಯೇ ಇಲ್ಲದಂತಾಗಿದೆ. ಕೆಳಗಿನ ತೋಟವನ್ನು ಮಾರಿ ಹಣ ಕಳಿಸುತ್ತೇನೆ, ನಿಮ್ಮ ಉಳಿತಾಯವನ್ನೂ ಸೇರಿಸಿ ಬ್ಯಾಂಕಿನ ಸಾಲ ತೀರಿಸಿಬಿಡಿ, ಸಾಲ ತೀರಿದರೆ ಆ ದುಬಾರಿ ವಿಮೆಯ ಗೊಡವೆಯೇ ಇರುವುದಿಲ್ಲ ಎಂದು ಬರೆದಿದ್ದೀರಿ. ನಿಮ್ಮ ಮನಸ್ಸು ನಮಗೆ ಅರ್ಥವಾಗುತ್ತದೆ. ಆದರೂ ದಯವಿಟ್ಟು ತೋಟವನ್ನು ಮಾರಬೇಡಿ, ಯಾರಿಂದಲೂ ಮುಂಗಡವನ್ನು ಪಡೆಯಬೇಡಿ.

ಇಲ್ಲಿ ಸಾಲ ಕೊಡುವ ಬ್ಯಾಂಕು ಮನೆಗೆ ವಿಮೆ ಇರಲೇಬೇಕೆಂದು ಕರಾರು ಮಾಡಿಕೊಂಡಿರುತ್ತದೆ. ನಾವು ವಿಮೆ ತಪ್ಪಿಸಿದರೆ ಬ್ಯಾಂಕೇ ತನ್ನ ರಕ್ಷಣೆಗೆ ಬೇಕಾದಷ್ಟು ವಿಮೆ ಮಾಡಿಸಿ, ಇನ್ನೂ ದುಬಾರಿಯಾದ ಕಂತನ್ನು ನಮ್ಮ ಲೆಕ್ಕಕ್ಕೆ ಬರೆಯುತ್ತದೆ. ಸಾಲ ತೀರಿದವರಿಗೆ ಆ ಒತ್ತಾಯವಿಲ್ಲ ಎಂಬ ನಿಮ್ಮ ಮಾತು ನಿಜ. ಆದರೆ ಒತ್ತಾಯ ಹೋದ ಮಾತ್ರಕ್ಕೆ ಬೆಂಕಿಯ ಭಯ ಹೋಗುವುದಿಲ್ಲವಲ್ಲ ಅಪ್ಪಯ್ಯ. ಕಳೆದ ಜನವರಿಯಲ್ಲಿ ಲಾಸ್ ಏಂಜಲೀಸ್ ಬಳಿಯ ಪಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳಲ್ಲಿ 16,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದುದನ್ನು ನೀವು ಟಿವಿಯಲ್ಲಿ ನೋಡಿದ್ದೀರಿ. ಅದರಲ್ಲಿ ಆಲ್ಟಡೀನಾ ಎಂಬ ಊರಿನಲ್ಲಿ ಹಿರಿಯರ ಕಾಲದಿಂದ ಬಂದ, ಸಾಲವೆಲ್ಲ ತೀರಿದ ಮನೆಗಳು ಬಹಳ ಇದ್ದವು. ಕೇಳುವವರಿಲ್ಲವೆಂದು ವಿಮೆ ಬಿಟ್ಟವರು, ಹಳೆಯ ಕಾಲದ ಮೊತ್ತಕ್ಕೇ ವಿಮೆ ಇಟ್ಟುಕೊಂಡವರು ಈಗ ನಿವೇಶನ ಇದ್ದರೂ ಮನೆ ಕಟ್ಟಲಾರದೆ ಕುಳಿತಿದ್ದಾರೆ. ನಿಮ್ಮ ಸಲಹೆಯಂತೆ ನಡೆದರೆ ನಾವು ನಿಲ್ಲುವುದು ಅವರ ಸಾಲಿನಲ್ಲೇ. ಅಲ್ಲಿ ತೋಟವೂ ಹೋಗಿರುತ್ತದೆ, ಇಲ್ಲಿ ಮನೆಗೆ ಆಧಾರವೂ ಇರುವುದಿಲ್ಲ.

ವಿಮೆಯ ತಾಪತ್ರಯ ಹೇಗೆ ಬಂತೆಂದು ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ, ಆದ್ದರಿಂದ ಬರೆಯುತ್ತೇನೆ. ನಾವು ಕಂತು ಬಾಕಿ ಇಟ್ಟವರಲ್ಲ, ಒಮ್ಮೆಯೂ ಪರಿಹಾರ ಕೇಳಿದವರಲ್ಲ. 2021ರ ಆಗಸ್ಟ್‌ನಲ್ಲಿ ನಮ್ಮ ಕೌಂಟಿಯಲ್ಲೇ ಕ್ಯಾಲ್ಡೋರ್ ಬೆಂಕಿ ಎದ್ದು ಗ್ರಿಜ್ಲಿ ಫ್ಲಾಟ್ಸ್ ಎಂಬ ಊರಿನ ಬಹುಪಾಲು ಸುಟ್ಟುಹೋಯಿತು. ಆ ಮೇಲೆ ಕಂಪನಿಗಳು ಗುಡ್ಡದ ಮನೆಗಳನ್ನು ಒಂದೊಂದಾಗಿ ಕೈಬಿಡತೊಡಗಿದವು. 2023ರ ಮೇ ತಿಂಗಳಲ್ಲಿ ಈ ರಾಜ್ಯದ ಅತಿ ದೊಡ್ಡ ಮನೆ ವಿಮೆ ಕಂಪನಿಯೇ ಹೊಸ ಅರ್ಜಿಗಳನ್ನು ನಿಲ್ಲಿಸಿತು. ಇಲ್ಲಿ ದರ ಏರಿಸಲು ಕಂಪನಿಗಳು ಮೊದಲು ಸರ್ಕಾರದ ಒಪ್ಪಿಗೆ ಪಡೆಯಬೇಕು. 1988ರಲ್ಲಿ ಜನರೇ ಮತ ಹಾಕಿ ತಂದ ಕಾನೂನು ಅದು. ಬೇಕಾದಷ್ಟು ದರ ಸಿಗದಿದ್ದಾಗ ವ್ಯಾಪಾರವನ್ನೇ ಕಡಿಮೆ ಮಾಡಿಕೊಳ್ಳುವುದು ಕಂಪನಿಗಳು ಹಿಡಿದ ದಾರಿ. ನಮ್ಮದು ಬೇರೆ ಕಂಪನಿಯಾದರೂ, ನವೀಕರಿಸುವುದಿಲ್ಲ ಎಂಬ ಕಾಗದ ನಮಗೂ ಬಂತು. ಅದನ್ನು 75 ದಿನ ಮೊದಲೇ ತಿಳಿಸಬೇಕೆಂಬ ನಿಯಮ ಇರುವುದರಿಂದ ಬೇರೆ ವ್ಯವಸ್ಥೆಗೆ ಸಮಯ ಸಿಕ್ಕಿತು.

ಎಲ್ಲಿಯೂ ವಿಮೆ ಸಿಗದವರಿಗೆಂದು 1968ರಿಂದ ಫೇರ್ ಪ್ಲಾನ್ ಎಂಬ ಒಂದು ವ್ಯವಸ್ಥೆ ಇದೆ. ಕಂಪನಿಗಳೆಲ್ಲ ಸೇರಿ ಅದನ್ನು ನಡೆಸುತ್ತವೆ. ನಮ್ಮ ಮನೆ ಈಗ ಅದರಲ್ಲಿದೆ. ಅದು ಬೆಂಕಿ, ಹೊಗೆಯಂಥ ಕೆಲವು ಹಾನಿಗಳನ್ನು ಮಾತ್ರ ನೋಡಿಕೊಳ್ಳುತ್ತದೆ. ಕಳ್ಳತನಕ್ಕೆ, ನೀರಿನ ಪೈಪು ಒಡೆದುದಕ್ಕೆ ಇನ್ನೊಂದು ಪಾಲಿಸಿ ಮಾಡಿಸಬೇಕಾಯಿತು. ಎರಡೂ ಸೇರಿ ಮೊದಲಿನ ಎರಡು ಪಟ್ಟಿಗಿಂತ ಹೆಚ್ಚಾಗಿದೆ. ಲಾಸ್ ಏಂಜಲೀಸ್ ನಮ್ಮಿಂದ 600 ಕಿಲೋಮೀಟರಿಗೂ ದೂರದಲ್ಲಿದ್ದರೂ ಅಲ್ಲಿಯ ಬೆಂಕಿಯ ಹೊರೆ ನಮಗೂ ತಾಗುತ್ತದೆ. ಪರಿಹಾರ ಕೊಡಲು ಹಣ ಸಾಲದೆ ಫೇರ್ ಪ್ಲಾನಿನವರು ಫೆಬ್ರವರಿಯಲ್ಲಿ ಕಂಪನಿಗಳಿಂದ 100 ಕೋಟಿ ಡಾಲರ್ ವಸೂಲಿಗೆ ಒಪ್ಪಿಗೆ ಪಡೆದರು, ಅದರ ಅರ್ಧವನ್ನು ಕಂಪನಿಗಳು ವಿಮೆದಾರರ ಮೇಲೆ ಹಾಕಬಹುದು. ಇದೆಲ್ಲವನ್ನೂ ಲೆಕ್ಕ ಹಾಕಿಯೇ ಇವರು ಮನೆಖರ್ಚನ್ನು ಹೊಂದಿಸಿದ್ದಾರೆ. ತಿಂಗಳು ತಿಂಗಳು ಆರಾಮವಾಗಿ ಕಳೆಯುತ್ತಿದೆ. ಖಂಡಿತ ಆರಾಮವಾಗಿ ಕಳೆಯುತ್ತಿದೆ.

ಸುಟ್ಟ ಸೀಮೆಯಲ್ಲಿ ಮನೆಗೆ ಬೆಲೆಯೇ ಇರುವುದಿಲ್ಲ ಎಂದು ಚಿಕ್ಕಪ್ಪ ಹೇಳಿದ್ದು ಪೂರ್ತಿ ನಿಜವಲ್ಲ. 2018ರ ನವೆಂಬರ್‌ನಲ್ಲಿ ಪ್ಯಾರಡೈಸ್ ಎಂಬ ಊರು ಸುಟ್ಟು 85 ಜನ ತೀರಿಕೊಂಡಾಗ, ಮನೆ ಕಳೆದುಕೊಂಡವರಲ್ಲಿ ಬಹಳ ಮಂದಿ ಪಕ್ಕದ ಚೀಕೊ ಎಂಬ ಊರಿಗೆ ಬಂದು ಸೇರಿದರು. ಅಲ್ಲಿ ಮನೆಗಳ ಬೆಲೆ ಇಳಿಯುವ ಬದಲು ಏರಿತು, ಬಾಡಿಗೆಗೆ ಮನೆಯೇ ಸಿಗದಂತಾಯಿತು. ತುರ್ತು ಪರಿಸ್ಥಿತಿ ಘೋಷಣೆಯಾದರೆ ಬಾಡಿಗೆಯನ್ನು ಶೇಕಡಾ 10ಕ್ಕಿಂತ ಹೆಚ್ಚು ಏರಿಸಬಾರದೆಂದು ಇಲ್ಲಿ ಕಾನೂನಿದೆ. ಈ ಸಲ ರಾಜ್ಯಪಾಲರು ಇನ್ನೂ ಮುಂದೆ ಹೋಗಿ, ಸುಟ್ಟ ನಿವೇಶನಗಳನ್ನು ಕಡಿಮೆ ಬೆಲೆಗೆ ಕೇಳಿಕೊಂಡು ಸಂತ್ರಸ್ತರ ಬೆನ್ನು ಹತ್ತಬಾರದೆಂದು ಮೂರು ತಿಂಗಳ ಆದೇಶವನ್ನೇ ಹೊರಡಿಸಿದರು. ಆಲ್ಟಡೀನಾದ ಜನರಂತೂ ಊರು ಮಾರಾಟಕ್ಕಿಲ್ಲ ಎಂದು ಫಲಕ ನೆಟ್ಟಿದ್ದಾರೆ. ಅಂಥ ಧೈರ್ಯ ನೋಡಿದಾಗ ಈ ನೆಲದ ಮೇಲೆ ನನಗೆ ಅಭಿಮಾನ ಹುಟ್ಟುತ್ತದೆ.

ಬೆಲೆಗೆ ಪೆಟ್ಟು ಬೀಳುವುದು ವಿಮೆಯ ಮೂಲಕ. ನಮ್ಮ ಪಕ್ಕದ ಮನೆಯ ವೃದ್ಧ ದಂಪತಿ ಮನೆ ಮಾರಿ ಮಗಳ ಬಳಿಗೆ ಹೊರಟಾಗ ಅದನ್ನು ಕಣ್ಣಾರೆ ಕಂಡೆವು. ಮೊದಲು ಒಪ್ಪಿದವರು ಯುವ ದಂಪತಿ. ಅಳತೆಯ ಟೇಪು ಹಿಡಿದು ಕಿಟಕಿಗಳಿಗೆ ಪರದೆ ಎಷ್ಟು ಬೇಕೆಂದು ಸಹ ನೋಡಿ ಹೋಗಿದ್ದರು. ಸಾಲದ ಕಂತು, ತೆರಿಗೆ, ವಿಮೆ ಮೂರನ್ನೂ ಕೂಡಿಸಿ ಸಂಬಳದೊಂದಿಗೆ ತೂಗಿ ನೋಡಿದ ಬ್ಯಾಂಕು ಅವರಿಗೆ ಸಾಲ ಕೊಡಲಿಲ್ಲ. ಕೊನೆಗೆ ಬೆಲೆ ಇಳಿಸಿ, ಸಾಲವಿಲ್ಲದೆ ಕೊಳ್ಳುವವರೊಬ್ಬರಿಗೆ ಕೊಟ್ಟರು. ನಾವು ಈಗ ಮಾರಹೊರಟರೆ ಆಗುವುದೂ ಅದೇ. ಅದಕ್ಕಾಗಿ ಇಲ್ಲೇ ಇದ್ದು ಮನೆಯನ್ನು ಭದ್ರ ಮಾಡಿಕೊಳ್ಳುವುದೆಂದು ನಿಶ್ಚಯಿಸಿದ್ದೇವೆ.

ಇಲ್ಲಿಯ ಮನೆಗಳು ನಮ್ಮ ಚಿರೆಕಲ್ಲಿನ ಮನೆಗಳಂತಲ್ಲ, ಭೂಕಂಪಕ್ಕೆ ತಾಳಬೇಕೆಂದು ಮರದ ಚೌಕಟ್ಟಿನ ಮೇಲೆ ಕಟ್ಟಿದವು. ಹೆಚ್ಚಿನ ಮನೆಗಳಿಗೆ ಬೆಂಕಿ ತಗಲುವುದು ಗಾಳಿಯಲ್ಲಿ ಹಾರಿ ಬರುವ ಕಿಡಿಗಳಿಂದ. ಅದಕ್ಕಾಗಿ ಅಟ್ಟದ ಗಾಳಿಕಿಂಡಿಗಳಿಗೆಲ್ಲ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಿಸಿದೆವು. ಗೋಡೆಗೆ ತಾಗಿದ್ದ ಮರದ ಬೇಲಿಯನ್ನು ಕಿತ್ತು ಕಬ್ಬಿಣದ್ದನ್ನು ಕೂರಿಸಿದೆವು. ಗೋಡೆಯ ಸುತ್ತ ಐದು ಅಡಿಯಲ್ಲಿ ಈಗ ಜಲ್ಲಿಯ ಹೊರತು ಏನೂ ಇಲ್ಲ, ನನ್ನ ದಾಸವಾಳದ ಗಿಡವನ್ನೂ ದೂರ ಸರಿಸಿದೆವು. ಇವರು ರಜೆಯ ದಿನ ಏಣಿ ಹತ್ತಿ ಮಾಡಿನ ದೋಣಿಯಿಂದ ಪೈನ್ ಮರದ ಒಣಗಿದ ದರಕನ್ನು ಚೀಲಗಟ್ಟಲೆ ತೆಗೆಯುತ್ತಾರೆ. ಇಂಥ ಕೆಲಸ ಮಾಡಿಸಿದವರಿಗೆ ಕಂತಿನಲ್ಲಿ ರಿಯಾಯಿತಿ ಕೊಡಬೇಕೆಂದು 2022ರಿಂದ ನಿಯಮವಿದೆ. ಆಯಿಗೆ ಹೇಳಿ, ಗುಡ್ಡದ ಒಣಹುಲ್ಲನ್ನು ಮೇಯಿಸಲು ಇಲ್ಲಿ ಆಡುಗಳ ಹಿಂಡನ್ನೇ ಬಾಡಿಗೆಗೆ ತರುತ್ತಾರೆ. ನಮ್ಮ ಪುಟ್ಟನಂತೂ ಬೇಲಿಯ ಬಳಿ ಕುಳಿತು ಸಂಜೆಯವರೆಗೂ ನೋಡಿದ.

ಈ ಖರ್ಚಿನಿಂದಾಗಿ ಈ ವರ್ಷ ಊರಿಗೆ ಬರುವುದನ್ನು ಮುಂದಕ್ಕೆ ಹಾಕಿದ್ದೇವೆ. ಬರುವ ವರ್ಷ ಮಾರಿಕಾಂಬೆಯ ಜಾತ್ರೆಗೆ ಖಂಡಿತ ಬರುತ್ತೇವೆ. ಪಾಸ್‌ಪೋರ್ಟ್, ಮನೆಯ ಕಾಗದಪತ್ರ, ಔಷಧಿಗಳ ಚೀಲ ಬಾಗಿಲ ಬಳಿಯೇ ಇದೆ, ಫೋನಿಗೆ ಮುನ್ಸೂಚನೆ ಬರುತ್ತದೆ, ಎರಡು ದಾರಿಗಳನ್ನು ನೋಡಿಟ್ಟಿದ್ದೇವೆ. ನಮಗೆ ಏನೂ ಆಗುವುದಿಲ್ಲ, ನೀವು ರಾತ್ರಿ ನಿದ್ದೆಗೆಡಬೇಡಿ, ರಕ್ತದೊತ್ತಡದ ಗುಳಿಗೆಯನ್ನು ತಪ್ಪಿಸಬೇಡಿ.

ಪುಟ್ಟನ ಶಾಲೆ ಬಿಡುವ ಹೊತ್ತಾಯಿತು, ದಾರಿಯಲ್ಲೇ ಅಂಚೆಗೆ ಹಾಕಬೇಕು. ತೋಟದ ವ್ಯಾಪಾರಕ್ಕೆ ಬಂದವರಿಗೆ ಇಲ್ಲವೆಂದು ಹೇಳಿಬಿಡಿ. ಭಾನುವಾರ ಫೋನ್ ಮಾಡಿದಾಗ ಹೇಳಿಯಾಯಿತು ಎಂಬ ಮಾತು ನಿಮ್ಮ ಬಾಯಿಂದ ಬರಬೇಕು.

ಇಂತಿ ನಿಮ್ಮ ಮಗಳು,
ಸುಮಾ